ಮೂಗಿಗೂ ಬೆರಳಿಗೂ ಸಿಗದ ಎಣ್ಣೆ

(ಚಿತ್ರದುರ್ಗದಲ್ಲಿ ಒಂದು ಭಾನುವಾರ ಸಂಜೆ ಮೆಕ್ಯಾನಿಕ್‌ಗಳು, ಲಾರಿ ಮಾಲೀಕರು, ಡಿಪ್ಲೊಮಾ ಓದುವ ಹುಡುಗರ ಮುಂದೆ ಆಡಿದ ಮಾತುಗಳಿವು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಣ್ಣೆ ವ್ಯಾಪಾರ ಮಾಡುತ್ತಿದ್ದೇನೆ. ನೋಡಿ, ಹಿಂದಿನ ಬೆಂಚಿನಲ್ಲಿ ಆಗಲೇ ನಗು ಶುರುವಾಯಿತು. ಆ ಎಣ್ಣೆ ಅಲ್ಲಪ್ಪಾ, ಎಂಜಿನ್ ಎಣ್ಣೆ.

ಈ ಜಿಲ್ಲೆಯವರ ಮುಂದೆ ಎಣ್ಣೆ ವಿಷಯ ಮಾತಾಡಲು ಸ್ವಲ್ಪ ಅಳುಕು. ಕೋಟೆಯೊಳಗೇ ಎಣ್ಣೆ ಕೊಳ ಕಟ್ಟಿಕೊಂಡಿದ್ದ ಊರು ಇದು. ಪಕ್ಕದ ಚಳ್ಳಕೆರೆಗಂತೂ ಎಣ್ಣೆ ನಗರಿ ಅಂತಲೇ ಹೆಸರು. ಅಲ್ಲಿನ ಮಿಲ್ಲಿನ ಹಳಬರು ಕಡಲೆಕಾಯಿ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಉಜ್ಜಿ, ಒಮ್ಮೆ ಮೂಸಿದರೆ ಸಾಕು. ಪಾಮೋಲಿನ್ ಬೆರೆಸಿದ್ದಾರೋ ಇಲ್ಲವೋ ಅಂತ ಅವರ ಮುಖವೇ ಹೇಳುತ್ತದೆ. ಅದಕ್ಕೇ ಇಲ್ಲಿನವರು ಎಂಜಿನ್ ಆಯಿಲನ್ನೂ ಹಾಗೇ ಪರೀಕ್ಷೆ ಮಾಡಲು ಹೋಗುತ್ತಾರೆ. ಡಬ್ಬ ತೆರೆದು ಒಂದು ಹನಿ ಬೆರಳಿಗೆ. ಹೆಬ್ಬೆರಳು ಸೇರಿಸಿ ಎಳೆದು ನೋಡುವುದು. ಆಮೇಲೆ ತೀರ್ಪು: "ಇದು ಸಿಂಥೆಟಿಕ್ ಅಲ್ಲ ಬಿಡಿ ಸಾರ್." ಕಚ್ಚಾತೈಲ ಸೋಸಿ ತೆಗೆದದ್ದು ಮಿನರಲ್, ಕಾರ್ಖಾನೆಯಲ್ಲಿ ಅಣು ಕಟ್ಟಿ ಮಾಡಿದ್ದು ಸಿಂಥೆಟಿಕ್ ಅಂತ ಸದ್ಯಕ್ಕೆ ಇಟ್ಟುಕೊಳ್ಳಿ.

ಈ ಮೇಜಿನ ಮೇಲೆ ನಾಲ್ಕು ಬಾಟಲಿ ಇಟ್ಟಿದ್ದೇನೆ. ಬರುವಾಗಲೇ ನಿಮ್ಮೆಲ್ಲರ ಕೈಗೂ ಕೊಟ್ಟು, ಯಾವುದು ಸಿಂಥೆಟಿಕ್ ಅಂತ ಚೀಟಿಯಲ್ಲಿ ಬರೆಸಿಕೊಂಡೆ. ಜಾಸ್ತಿ ವೋಟು ಬಿದ್ದಿದ್ದು ಒಂದನೇ ನಂಬರಿಗೆ. ಕೆಂಪಗೆ, ಷರಬತ್ತಿನ ಹಾಗೆ ಹೊಳೆಯುತ್ತಿದೆ ಅಲ್ವಾ? ಅದು ಅಪ್ಪಟ ಮಿನರಲ್ ಎಣ್ಣೆ, ಬೈಕಿಗೆ ಹಾಕುವ 20ಡಬ್ಲ್ಯೂ-50 ಗ್ರೇಡ್. ಗ್ರೇಡ್ ಅಂದರೆ ಎಣ್ಣೆ ಎಷ್ಟು ಮಂದ ಅನ್ನುವ ಅಂಕಿ. ಕೆಂಪು ಬರೀ ಬಣ್ಣ. ಎರಡನೆಯದು ಲಾರಿಯ 15ಡಬ್ಲ್ಯೂ-40, ಅದೂ ಮಿನರಲ್ಲೇ. ಮೂರು ಮತ್ತು ನಾಲ್ಕು ಎರಡೂ ಕಾರಿನ 5ಡಬ್ಲ್ಯೂ-30. ಎರಡರ ಡಬ್ಬದ ಮೇಲೂ ಫುಲ್ಲಿ ಸಿಂಥೆಟಿಕ್ ಅಂತಲೇ ಬರೆದಿದೆ. ಆದರೆ ಅವೆರಡರ ಹುಟ್ಟು ಬೇರೆ ಬೇರೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಬಣ್ಣ ನಂಬಬೇಡಿ. ವಾಸನೆಯೂ ಅಷ್ಟೇ, ಅದು ಬರುವುದು ಬಹುಪಾಲು ಅಡಿಟಿವ್‌ನಿಂದ, ಅಂದರೆ ಎಣ್ಣೆಗೆ ಬೆರೆಸುವ ರಾಸಾಯನಿಕಗಳಿಂದ. ಗೇರ್ ಆಯಿಲ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದಲ್ಲ, ಅದು ಗಂಧಕದ ಸಂಯುಕ್ತದ ಕೆಲಸ. ಗೇರ್ ಆಯಿಲ್ ಮಿನರಲ್ ಇರಲಿ ಸಿಂಥೆಟಿಕ್ ಇರಲಿ, ಆ ನಾತ ತಪ್ಪಿದ್ದಲ್ಲ. ಬೆರಳಿಗೆ ಹತ್ತುವ ಜಾರಿಕೆ, ಎಳೆ ಎಳೆಯಾಗಿ ಬರುವುದು, ಇವೆಲ್ಲ ಎಣ್ಣೆ ಎಷ್ಟು ಮಂದ ಅನ್ನುವುದನ್ನು ಹೇಳುತ್ತವೆ. ಯಾವುದರಿಂದ ಮಾಡಿದ್ದು ಅಂತ ಹೇಳುವುದಿಲ್ಲ.

ಬ್ಲಾಟಿಂಗ್ ಪೇಪರ್ ಮೇಲೆ ಹನಿ ಬಿಟ್ಟು ನೋಡುವವರೂ ಇದ್ದಾರೆ. ಪರೀಕ್ಷೆ ಒಳ್ಳೆಯದೇ, ಆದರೆ ಬೇರೆ ಕೆಲಸಕ್ಕೆ. ಓಡಿದ ಎಣ್ಣೆಯಲ್ಲಿ ಮಸಿ ಎಷ್ಟಿದೆ, ಎಣ್ಣೆ ಅದನ್ನು ಇನ್ನೂ ಚದುರಿಸಿ ಹಿಡಿದುಕೊಂಡಿದೆಯೋ ಇಲ್ಲವೋ ಅಂತ ತಿಳಿಯಲು. ಹೊಸ ಎಣ್ಣೆಯ ಹನಿ ಪೇಪರ್ ಮೇಲೆ ಸುಮ್ನೆ ಹರಡುತ್ತದೆ, ಅಷ್ಟೇ. ಬೆಂಕಿ ಹಚ್ಚಿ ನೋಡುವುದನ್ನಂತೂ ದಯವಿಟ್ಟು ಬಿಡಿ. ಮಿನರಲ್, ಸಿಂಥೆಟಿಕ್ ಎರಡೂ ಹತ್ತಿಕೊಳ್ಳುವುದು ಸುಮಾರು 200 ಡಿಗ್ರಿ ದಾಟಿದ ಮೇಲೆ. ಅದರಲ್ಲಿ ನಿಮಗೆ ಕಾಣಿಸುವ ವ್ಯತ್ಯಾಸ ಅಂದರೆ ಹುಬ್ಬಿನ ಕೂದಲು ಇದೆಯೋ ಇಲ್ಲವೋ ಅನ್ನುವುದು ಮಾತ್ರ.

ನೋಟು ನೋಡುವ ನೀಲಿ ಟಾರ್ಚ್ ಇದೆಯಲ್ಲ, ಅದನ್ನು ಕತ್ತಲಲ್ಲಿ ಎಣ್ಣೆಗೆ ಹಿಡಿಯುವವರನ್ನೂ ನೋಡಿದ್ದೇನೆ. ಇದರಲ್ಲಿ ಸ್ವಲ್ಪ ಹುರುಳಿದೆ. ಹಳೇ ವಿಧಾನದಲ್ಲಿ ಸೋಸಿದ ಮಿನರಲ್ ಎಣ್ಣೆಯಲ್ಲಿ ಅರೋಮ್ಯಾಟಿಕ್ ಅನ್ನುವ ಅಣುಗಳು ಉಳಿದಿರುತ್ತವೆ. ಅವು ಆ ಬೆಳಕಿಗೆ ನೀಲಿ-ಹಸಿರಾಗಿ ಮಿನುಗುತ್ತವೆ. ಆದರೆ ಕೆಲವು ಅಡಿಟಿವ್‌ಗಳೂ ಮಿನುಗುತ್ತವೆ. ಹಾಗಾಗಿ ಅದು ಸುಳಿವು, ಸಾಕ್ಷಿ ಅಲ್ಲ.

ಈಗ ಎಲ್ಲರೂ ಕೇಳುವ ಫ್ರೀಜರ್ ಪರೀಕ್ಷೆ. ನಿನ್ನೆ ರಾತ್ರಿ ಮನೆಯ ಫ್ರೀಜರ್‌ನಲ್ಲಿ ಇದೇ ನಾಲ್ಕು ಎಣ್ಣೆಯನ್ನು ಚಿಕ್ಕ ಬಾಟಲಿಗಳಲ್ಲಿ ಇಟ್ಟಿದ್ದೆ. ಒಂದೊಂದರಲ್ಲೂ ಸೈಕಲ್ ಬೇರಿಂಗಿನ ಒಂದು ಬಾಲ್. ಐಸ್‌ಕ್ರೀಂ ಡಬ್ಬ ಎಲ್ಲಿ ಹೋಯಿತು ಅಂತ ಮನೆಯಲ್ಲಿ ಗಲಾಟೆ ಆಯಿತು, ಅದು ಬೇರೆ ವಿಷಯ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ ಹೆದ್ದಾರಿಯಲ್ಲಿ ಒಂದು ಗಂಟೆ ತಂದಿದ್ದೇನೆ. ಫ್ರೀಜರ್‌ನಲ್ಲಿ ಮೈನಸ್ 18 ಇದ್ದದ್ದು ಈಗ ಅಷ್ಟಿಲ್ಲ, ಆದರೂ ಕೈ ಮರಗಟ್ಟುವಷ್ಟು ತಣ್ಣಗಿದೆ.

ಒಂದನೆಯದನ್ನು ತಲೆಕೆಳಗು ಮಾಡುತ್ತೇನೆ, ಬಾಲ್ ನೋಡಿ. ಇಳಿಯುತ್ತಿದೆ... ಇಳಿಯುತ್ತಿದೆ... ಜೇನುತುಪ್ಪದಲ್ಲಿ ಇರುವೆ ಸಿಕ್ಕಿಕೊಂಡ ಹಾಗೆ. ಎರಡನೆಯದು ಅದಕ್ಕಿಂತ ಸ್ವಲ್ಪ ಬೇಗ. ಮೂರು, ಟಕ್ ಅಂತ ಬಿತ್ತು. ನಾಲ್ಕು, ಅದೂ ಟಕ್. "ಗೊತ್ತಾಯಿತಲ್ಲ ಸಾರ್, ಮೂರು ನಾಲ್ಕು ಸಿಂಥೆಟಿಕ್!" ಅಂತ ಮುಂದಿನ ಸಾಲಿನ ಹುಡುಗ ಕೂಗಿದ. ತಡಿಯಪ್ಪಾ. ಮೂರು ನಾಲ್ಕು 5ಡಬ್ಲ್ಯೂ ಅಂತ ಡಬ್ಬದ ಮೇಲೇ ಬರೆದಿತ್ತು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. 5ಡಬ್ಲ್ಯೂ ಎಣ್ಣೆಯನ್ನು ಮೈನಸ್ 30 ಡಿಗ್ರಿಯಲ್ಲಿ ಅಳೆದು, ಎಂಜಿನ್ ತಿರುಗಿಸುವಷ್ಟು ತೆಳು ಇದೆಯಾ ಅಂತ ನೋಡುತ್ತಾರೆ. 15ಡಬ್ಲ್ಯೂ ಆದರೆ ಮೈನಸ್ 20ರಲ್ಲಿ, 20ಡಬ್ಲ್ಯೂ ಆದರೆ ಮೈನಸ್ 15ರಲ್ಲಿ. ಫ್ರೀಜರ್ ನಿಮಗೆ ಹೇಳಿದ್ದು ಡಬ್ಬದ ಮೇಲಿದ್ದ ಆ ನಂಬರನ್ನೇ. ಎಣ್ಣೆಯ ಹುಟ್ಟನ್ನಲ್ಲ. ಮೂರರಲ್ಲೂ ನಾಲ್ಕರಲ್ಲೂ ಬಾಲ್ ಬಿದ್ದ ವೇಗದಲ್ಲಿ ಯಾರಿಗಾದರೂ ವ್ಯತ್ಯಾಸ ಕಂಡಿತಾ? ನನಗಂತೂ ಕಾಣಲಿಲ್ಲ.

ಹುಟ್ಟು ಅಂದೆನಲ್ಲ, ಅದೇನು ಅಂತ ಹೇಳುತ್ತೇನೆ. ಡಬ್ಬದಲ್ಲಿರುವ ಎಣ್ಣೆಯಲ್ಲಿ ಬಹುಪಾಲು ಬೇಸ್ ಆಯಿಲ್, ಉಳಿದದ್ದು ಅಡಿಟಿವ್. ಈ ಬೇಸ್ ಆಯಿಲನ್ನು ಅಮೆರಿಕದ ಎಪಿಐ ಸಂಸ್ಥೆ ಐದು ಗುಂಪು ಮಾಡಿದೆ. ಮೊದಲ ಮೂರು ಗುಂಪು ಕಚ್ಚಾತೈಲದಿಂದ ಬಂದದ್ದು. ಸಂತೆಯಿಂದ ಒಂದು ಮೂಟೆ ಕಾಳು ತಂದಿರಿ ಅಂದುಕೊಳ್ಳಿ. ಅದರಲ್ಲಿ ಗಟ್ಟಿಕಾಳು, ಜೊಳ್ಳು, ಕಲ್ಲು, ಕಡ್ಡಿ ಎಲ್ಲ ಇರುತ್ತದೆ. ಕೇರಿ, ಜರಡಿ ಹಿಡಿದು, ಆರಿಸಿಕೊಂಡರೆ ಅದು ಒಂದನೇ ಗುಂಪು. ಎಷ್ಟೇ ಕೇರಿದರೂ ಒಂದಿಷ್ಟು ಕಸ ಉಳಿಯುತ್ತದೆ. ಎರಡನೇ ಗುಂಪಿನಲ್ಲಿ ಹೆಚ್ಚು ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು, ಗಂಧಕ ತೆಗೆದು, ಅರೋಮ್ಯಾಟಿಕ್ ಅಣುಗಳನ್ನು ಸರಿಪಡಿಸುತ್ತಾರೆ. ಮೂರನೇ ಗುಂಪಿನಲ್ಲಿ ಅದೇ ಕೆಲಸ ಇನ್ನೂ ಬಿರುಸು. ದೊಡ್ಡ ಅಣುಗಳನ್ನು ಒಡೆದು, ಮೇಣವನ್ನು ಬೇರೆ ಆಕಾರಕ್ಕೆ ತಿರುಗಿಸಿ, ಕೊನೆಗೆ ಬರುವ ಎಣ್ಣೆ ಮೂಟೆಯಲ್ಲಿದ್ದ ಕಾಳೇ ಅಲ್ಲ ಅನ್ನುವಷ್ಟು ಬದಲಾಗಿರುತ್ತದೆ.

ನಾಲ್ಕನೇ ಗುಂಪು ಪಿಎಓ, ಅಂದರೆ ಪಾಲಿಆಲ್ಫಾಓಲೆಫಿನ್. ಇದು ಜರಡಿ ಹಿಡಿದದ್ದಲ್ಲ, ಕಟ್ಟಿದ್ದು. ಎಥಿಲೀನ್ ಅನಿಲದಿಂದ ಹತ್ತು ಕಾರ್ಬನ್ನಿನ ಡೆಸೀನ್ ಅನ್ನುವ ಮಣಿ ಮಾಡುತ್ತಾರೆ. ಆ ಮಣಿಗಳನ್ನು ಮೂರು, ನಾಲ್ಕು, ಐದರಂತೆ ಪೋಣಿಸುತ್ತಾರೆ. ಮೇಣವೇ ಇಲ್ಲ, ಹಾಗಾಗಿ ತೆಳು ಗ್ರೇಡಿನ ಪಿಎಓ ಮೈನಸ್ 50 ಡಿಗ್ರಿಯಲ್ಲೂ ಹರಿಯುತ್ತದೆ. ಐದನೇ ಗುಂಪು ಉಳಿದ ಎಲ್ಲದಕ್ಕೂ: ಎಸ್ಟರ್, ಪಿಎಜಿ ಅಂದರೆ ಪಾಲಿಆಲ್ಕಿಲೀನ್ ಗ್ಲೈಕಾಲ್, ಸಿಲಿಕೋನ್.

ಎಸ್ಟರ್ ಅಂದಾಗ ನಮ್ಮ ಹೊಲದ ಬದು ನೆನಪಾಗುತ್ತದೆ. ಹರಳೆಣ್ಣೆಯೂ ರಾಸಾಯನಿಕವಾಗಿ ಎಸ್ಟರೇ. ನಮ್ಮ ಅಜ್ಜ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಲ್ಲಿ ಹರಳೆಣ್ಣೆಯೇ ಮುಖ್ಯ. 1909ರಲ್ಲಿ ವೇಕ್‌ಫೀಲ್ಡ್ ಕಂಪನಿಯವರು ಇಂಗ್ಲೆಂಡಿನಲ್ಲಿ ಮಿನರಲ್ ಎಣ್ಣೆಗೆ ಇದೇ ಹರಳೆಣ್ಣೆ ಬೆರೆಸಿ ಒಂದು ಎಣ್ಣೆ ತಂದರು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್, ಆ ಎಣ್ಣೆಯ ಹೆಸರು ಕ್ಯಾಸ್ಟ್ರಾಲ್. ಇವತ್ತಿನ ವಿಮಾನದ ಜೆಟ್ ಎಂಜಿನ್ ಓಡುವುದು ಕಾರ್ಖಾನೆಯಲ್ಲಿ ಮಾಡಿದ ಎಸ್ಟರ್ ಎಣ್ಣೆಯ ಮೇಲೆ. ಅಜ್ಜನ ಗಾಡಿಗೂ ವಿಮಾನಕ್ಕೂ ದೂರದ ನೆಂಟಸ್ತನ ಇದೆ ಅಂತಾಯಿತು.

ಸರಿ, ಹಾಗಾದರೆ ನಾಲ್ಕು ಮತ್ತು ಐದು ಸಿಂಥೆಟಿಕ್, ಮೊದಲ ಮೂರು ಮಿನರಲ್, ಇಷ್ಟು ಸುಲಭ ಅಲ್ವಾ? 1990ರ ದಶಕದವರೆಗೂ ಹೆಚ್ಚುಕಡಿಮೆ ಹಾಗೇ ಇತ್ತು. ಮೊಬಿಲ್ ಕಂಪನಿ 1974ರಲ್ಲಿ ಅಮೆರಿಕದ ಮಾರುಕಟ್ಟೆಗೆ ಮೊಬಿಲ್ ಒನ್ ತಂದದ್ದು ಪಿಎಓ ಎಣ್ಣೆಯಾಗಿಯೇ. ಆಮೇಲೆ ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಎಣ್ಣೆಯಲ್ಲಿ ಪಿಎಓ ತೆಗೆದು ಮೂರನೇ ಗುಂಪಿನ ಎಣ್ಣೆ ಹಾಕಿತು. ಡಬ್ಬದ ಮೇಲೆ ಮಾತ್ರ ಸಿಂಥೆಟಿಕ್ ಅಂತಲೇ ಉಳಿಯಿತು. ಮೊಬಿಲ್ ದೂರು ಕೊಟ್ಟಿತು. ಅದು ಹೋದದ್ದು ಕೋರ್ಟಿಗಲ್ಲ, ಜಾಹೀರಾತು ಉದ್ಯಮವೇ ಮಾಡಿಕೊಂಡ ಒಂದು ಪಂಚಾಯಿತಿ ಕಟ್ಟೆಗೆ. 1999ರಲ್ಲಿ ಅಲ್ಲಿ ಕ್ಯಾಸ್ಟ್ರಾಲ್ ಪರವಾಗಿ ಮಾತು ಬಂತು: ಅಣುಗಳನ್ನು ಇಷ್ಟು ಬದಲಾಯಿಸಿದ ಮೇಲೆ ಸಿಂಥೆಟಿಕ್ ಅನ್ನಬಹುದು ಅಂತ. ಅಲ್ಲಿಂದಾಚೆ ಆ ಪದ ರಸಾಯನಶಾಸ್ತ್ರದ ಮನೆ ಬಿಟ್ಟು ಮಾರ್ಕೆಟಿಂಗ್ ಮನೆಗೆ ಹೋಯಿತು. ಜರ್ಮನಿಯಲ್ಲಿ ಮಾತ್ರ ಫುಲ್ಲಿ ಸಿಂಥೆಟಿಕ್ ಅನ್ನುವುದಕ್ಕೆ ಸಮನಾದ ಪದವನ್ನು ನಾಲ್ಕು, ಐದನೇ ಗುಂಪಿಗೇ ಮೀಸಲಿಡುತ್ತಾರೆ. ಸೆಮಿ ಸಿಂಥೆಟಿಕ್ ಅನ್ನುವುದಂತೂ ಇನ್ನೂ ಸಡಿಲ. ಅದರಲ್ಲಿ ಇಂತಿಷ್ಟೇ ಪರ್ಸೆಂಟ್ ಇರಬೇಕು ಅನ್ನುವ ಲೆಕ್ಕ ಡಬ್ಬದ ಮೇಲೆ ಎಲ್ಲೂ ಸಿಗುವುದಿಲ್ಲ.

ನನ್ನ ಮೂರನೇ ಬಾಟಲಿ ಮೂರನೇ ಗುಂಪಿನದು. ನಾಲ್ಕನೆಯದರಲ್ಲಿ ಬಹುಪಾಲು ಪಿಎಓ. ಇದು ನನಗೆ ಹೇಗೆ ಗೊತ್ತು? ಬೆರಳಿನಿಂದಲ್ಲ, ಕಾಗದದಿಂದ. ಕಂಪನಿಗಳು ಪ್ರತಿ ಎಣ್ಣೆಗೂ ಎರಡು ಕಾಗದ ಕೊಡುತ್ತವೆ. ಒಂದು ಡೇಟಾ ಶೀಟ್, ಇನ್ನೊಂದು ಸೇಫ್ಟಿ ಶೀಟ್. ಮೊಬೈಲಿನಲ್ಲೇ ಸಿಗುತ್ತದೆ. ಸೇಫ್ಟಿ ಶೀಟಿನಲ್ಲಿ ಮೂರನೇ ಅಧ್ಯಾಯ ಅಂದರೆ ಒಳಗೇನಿದೆ ಅನ್ನುವ ಪಟ್ಟಿ. ಅಲ್ಲಿ ಒನ್-ಡೆಸೀನ್ ಹೋಮೋಪಾಲಿಮರ್, ಹೈಡ್ರೋಜನೇಟೆಡ್ ಅಂತ ಕಂಡರೆ ಅದು ಪಿಎಓ. ಪಕ್ಕದಲ್ಲಿ ಪರ್ಸೆಂಟ್ ಕೊಟ್ಟಿದ್ದರೆ ಎಷ್ಟಿದೆ ಅನ್ನುವುದೂ ತಿಳಿಯುತ್ತದೆ. ಕೊಡದಿದ್ದರೆ, ಇದೆ ಅಂತಷ್ಟೇ ಗೊತ್ತು.

ಡೇಟಾ ಶೀಟಿನಲ್ಲಿ ನಾನು ಮೊದಲು ನೋಡುವುದು ವಿಸ್ಕಾಸಿಟಿ ಇಂಡೆಕ್ಸ್. ಬಿಸಿಯಾದಾಗ ಎಣ್ಣೆ ಎಷ್ಟು ತೆಳುವಾಗುತ್ತದೆ ಅನ್ನುವುದರ ಅಂಕಿ ಇದು. 1929ರಲ್ಲಿ ಡೀನ್ ಮತ್ತು ಡೇವಿಸ್ ಅನ್ನುವವರು ಈ ಅಳತೆ ಮಾಡಿದರು. ಆಗ ಸಿಗುತ್ತಿದ್ದ ಒಳ್ಳೆಯ ಎಣ್ಣೆ ಅಂದರೆ ಪೆನ್ಸಿಲ್ವೇನಿಯಾದ್ದು, ಅದಕ್ಕೆ 100 ಕೊಟ್ಟರು. ಕೆಟ್ಟದ್ದು ಮೆಕ್ಸಿಕೋ ಕೊಲ್ಲಿಯ ಕಡೆಯದು, ಅದಕ್ಕೆ ಸೊನ್ನೆ. 100ಕ್ಕಿಂತ ಮೇಲೆ ಎಣ್ಣೆ ಬರುತ್ತದೆ ಅಂತ ಅವರು ಅಂದುಕೊಂಡಿರಲಿಲ್ಲವೇನೋ. ಈಗ ಮೂರನೇ ಗುಂಪಿಗೆ ಸೇರಬೇಕಾದರೇ 120 ಬೇಕು. ಡಬ್ಬದ 5ಡಬ್ಲ್ಯೂ-30 ಎಣ್ಣೆಗಳಲ್ಲಿ 160ರ ಆಸುಪಾಸು ಕಾಣುವುದು ಮಾಮೂಲು. ಆದರೆ ಇಲ್ಲೂ ಒಂದು ಮೋಸ ಇದೆ. ಪಾಲಿಮರ್ ಅಡಿಟಿವ್ ಹಾಕಿ ಮಿನರಲ್ ಎಣ್ಣೆಯ ಅಂಕಿಯನ್ನೂ ಏರಿಸಬಹುದು. ಅದಕ್ಕೇ ಒಂದೇ ಅಂಕಿ ನಂಬುವುದಿಲ್ಲ. ನೋಆಕ್ ಅನ್ನುವ ಸಾಲು ಇದ್ದರೆ ಅದನ್ನೂ ನೋಡುತ್ತೇನೆ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಎಷ್ಟು ಪರ್ಸೆಂಟ್ ಆವಿಯಾಗಿ ಹೋಗುತ್ತದೆ ಅನ್ನುವ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು, ಪಿಎಓ ಇಲ್ಲಿ ಮುಂದೆ.

ಡಬ್ಬದ ಮೇಲಿನ ಗ್ರೇಡ್ ಕೂಡ ಅರ್ಧ ಗುಟ್ಟು ಹೇಳುತ್ತದೆ. 0ಡಬ್ಲ್ಯೂ ಅಂತ ಇದ್ದರೆ ಒಂದನೇ ಗುಂಪಿನ ಎಣ್ಣೆಯಿಂದ ಅದನ್ನು ಮಾಡಲು ಆಗುವುದೇ ಇಲ್ಲ. 20ಡಬ್ಲ್ಯೂ-50 ಅಥವಾ ಬರೀ 40 ಅಂತ ಇದ್ದರೆ ಬಹುಪಾಲು ಮಿನರಲ್. ನಡುವಿನ 15ಡಬ್ಲ್ಯೂ-40 ಯಾವುದಾದರೂ ಆಗಬಹುದು.

ಖಚಿತವಾಗಿ ಹೇಳಬೇಕಾದರೆ ಲ್ಯಾಬೇ ಗತಿ. ಗ್ಯಾಸ್ ಕ್ರೊಮಟೋಗ್ರಫಿ ಅಂತ ಇದೆ. ಅದರಲ್ಲಿ ಮಿನರಲ್ ಎಣ್ಣೆಯ ಗೆರೆ ಒಂದೇ ದೊಡ್ಡ ದಿಬ್ಬದ ಹಾಗೆ ಬರುತ್ತದೆ, ಯಾಕೆಂದರೆ ಅದರಲ್ಲಿ ಸಾವಿರಾರು ತರದ ಅಣುಗಳಿವೆ. ಪಿಎಓ ಮಾತ್ರ ಬೇರೆ ಬೇರೆ ಗುಡ್ಡಗಳ ಹಾಗೆ: 30 ಕಾರ್ಬನ್ನಿಗೆ ಒಂದು, 40ಕ್ಕೆ ಒಂದು, 50ಕ್ಕೆ ಒಂದು. ಮಣಿ ಪೋಣಿಸಿದ್ದರ ಗುರುತು ಅದು. ಎಸ್ಟರ್ ಇದ್ದರೆ ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ 1740 ಅಲೆಸಂಖ್ಯೆಯ ಹತ್ತಿರ ಒಂದು ಮೊನೆ ಏಳುತ್ತದೆ. ಆದರೂ ಅಡಿಟಿವ್ ಅಡ್ಡ ಬಂದು ಅಲ್ಲೂ ಗೊಂದಲ ಮಾಡುವುದುಂಟು. ಮಷಿನ್ ಇಟ್ಟುಕೊಂಡವರೇ ತಲೆ ಕೆರೆದುಕೊಳ್ಳುವಾಗ ನಮ್ಮ ಹೆಬ್ಬೆರಳು ಯಾವ ಲೆಕ್ಕ?

"ಸಾರ್, ಸಿಂಥೆಟಿಕ್ ಹಾಕಿದರೆ ಬೈಕಿನ ಕ್ಲಚ್ ಜಾರುತ್ತೆ, ಹೌದಾ?" ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದನ್ನು ನಾನೇ ಅನುಭವಿಸಿದ್ದೇನೆ. ಹತ್ತು ವರ್ಷದ ಹಿಂದೆ ಕಾರಿಗೆ ಹಾಕಿ ಉಳಿದಿದ್ದ ದುಬಾರಿ ಎಣ್ಣೆ ಇತ್ತು. ಚೆಲ್ಲಲು ಮನಸ್ಸಾಗಲಿಲ್ಲ, ಬೈಕಿಗೆ ಸುರಿದೆ. ದಾವಣಗೆರೆಯಿಂದ ಇಲ್ಲಿಗೆ ಸಲೀಸಾಗಿ ಬಂದೆ. ನೆಂಟರ ಹುಡುಗನನ್ನು ಹಿಂದೆ ಕೂರಿಸಿಕೊಂಡು ಜೋಗಿಮಟ್ಟಿ ಹತ್ತಲು ಹೋದರೆ, ಎಂಜಿನ್ ಕಿರುಚುತ್ತಿದೆ, ಬೈಕು ನಿಂತಲ್ಲೇ ಇದೆ. ಹುಡುಗ ಇಳಿದು ತಳ್ಳಿದ. ಆವತ್ತು ನಾನೂ "ಸಿಂಥೆಟಿಕ್ಕಿನ ಹಣೆಬರಹ" ಅಂತ ಬೈದೆ. ತಪ್ಪು ನನ್ನದು. ಬೈಕಿನ ಕ್ಲಚ್ ಪ್ಲೇಟ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಪೆಟ್ರೋಲ್ ಉಳಿಯಲಿ ಅಂತ ಕಾರಿನ ತೆಳು ಎಣ್ಣೆಗಳಿಗೆ ಜಾರಿಕೆ ಹೆಚ್ಚಿಸುವ ಅಡಿಟಿವ್ ಹಾಕಿರುತ್ತಾರೆ. ಜಾರಿಸಿದ್ದು ಅದು, ಬೇಸ್ ಆಯಿಲ್ ಅಲ್ಲ. ಡಬ್ಬದ ಹಿಂದೆ ಜಾಸೋ ಎಂಎ ಅಥವಾ ಎಂಎ2 ಅನ್ನುವ ಜಪಾನಿನ ಗುರುತು ಇದ್ದರೆ ಅದು ಕ್ಲಚ್ಚಿಗೆ ಒಗ್ಗುವ ಎಣ್ಣೆ. ಸಿಂಥೆಟಿಕ್ ಆದರೂ ಸರಿ, ಮಿನರಲ್ ಆದರೂ ಸರಿ. ಅಂಥ ಎಣ್ಣೆ ಎರಡು ಸಲ ಬದಲಿಸಿದ ಮೇಲೆ ನನ್ನ ಬೈಕಿಗೆ ಹಿಡಿತ ವಾಪಸ್ ಬಂತು.

ಬೋರ್‌ವೆಲ್ ಲಾರಿಯವರು ಇಬ್ಬರು ಕೂತಿದ್ದೀರಿ. ಇದು ನಿಮಗೆ. ಎಂಜಿನ್ನಿನಲ್ಲಿ ಪಿಎಓ ಮತ್ತು ಮಿನರಲ್ ಬೆರೆತರೆ ಅನಾಹುತ ಏನೂ ಇಲ್ಲ. ಎರಡೂ ಹೈಡ್ರೋಕಾರ್ಬನ್, ಸೀಸೆಯಲ್ಲಿ ಕಲಕಿದರೆ ಒಂದಾಗಿಬಿಡುತ್ತವೆ. ಬೇರೆ ಬೇರೆ ಪದರ ಆಗುತ್ತದೆ ಅನ್ನುವುದು ಬರೀ ಮಾತು. ಆದರೆ ಕಂಪ್ರೆಸರ್ ಬೇರೆ. ಕೆಲವು ಸ್ಕ್ರೂ ಕಂಪ್ರೆಸರ್‌ಗಳಲ್ಲಿ ಪಿಎಜಿ ಎಣ್ಣೆ ಇರುತ್ತದೆ. ಅದು ಮಿನರಲ್ ಜೊತೆ ಬೆರೆಯುವುದಿಲ್ಲ, ಕೆಸರಿನ ಹಾಗೆ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಸುಡು ಬಿಸಿಲಲ್ಲಿ, ಆರುನೂರು ಅಡಿ ಕೊರೆದ ಮೇಲೆ, ಕೈಗೆ ಸಿಕ್ಕ ಎಣ್ಣೆ ಟಾಪ್ ಮಾಡಬೇಡಿ. ಎಂಜಿನ್ ಎಣ್ಣೆಗೆ ಕೆಲಸಕ್ಕೆ ಬಾರದ ಸೀಸೆ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳೆಯದು, ಹೊಸದು ಎರಡನ್ನೂ ಒಂದು ಸೀಸೆಯಲ್ಲಿ ಕಲಕಿ ಬಿಡಿ. ಪದರ ಒಡೆದರೆ ಹಾಕಲೇಬೇಡಿ.

ಸಿಂಥೆಟಿಕ್ ಬೇಕೇ ಬೇಕು ಅನ್ನುವ ಕಡೆಯೂ ಇದೆ. ಹೊರಗೆ ಬಂದು ಗುಡ್ಡದ ಕಡೆ ತಲೆ ಎತ್ತಿ, ಗಾಳಿಯಂತ್ರಗಳು ತಿರುಗುತ್ತಿವೆ. ಗೇರ್ ಬಾಕ್ಸ್ ಇರುವ ಯಂತ್ರಗಳಲ್ಲಿ ಮೇಲಿನ ಪೆಟ್ಟಿಗೆಯೊಳಗೆ ನೂರಾರು ಲೀಟರ್ ಎಣ್ಣೆ ಇರುತ್ತದೆ. ಸಾಮಾನ್ಯವಾಗಿ ಅದು ಪಿಎಓ ಮೂಲದ್ದು. ಅಷ್ಟು ಎತ್ತರಕ್ಕೆ ಹತ್ತಿ ಎಣ್ಣೆ ಬದಲಿಸುವುದು ಆಟವಲ್ಲ, ವರ್ಷಗಟ್ಟಲೆ ಬಾಳಬೇಕು. ಟರ್ಬೋ ಇರುವ ಕಾರು, ಲಾರಿಗಳೂ ಹಾಗೇ. ಓಡಿ ಬಂದು ತಕ್ಷಣ ಆಫ್ ಮಾಡಿದರೆ ಟರ್ಬೋ ಬೇರಿಂಗಿನಲ್ಲಿ ನಿಂತ ಎಣ್ಣೆ ಬೆಂದು ಇದ್ದಿಲಾಗುತ್ತದೆ. ಒಳ್ಳೆಯ ಬೇಸ್ ಆಯಿಲ್ ಅಲ್ಲಿ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಚಳಿಯಲ್ಲಿ ಹರಿಯುತ್ತದೆ ಅನ್ನುವ ಜಾಹೀರಾತಿಗೆ ಮಾತ್ರ ನಮ್ಮ ಕಡೆಯವರು ಜಾಸ್ತಿ ಮರುಳಾಗಬೇಕಿಲ್ಲ. ಡಿಸೆಂಬರ್ ಬೆಳಗಿನಲ್ಲೂ ಇಲ್ಲಿ 10 ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪ. ಇಲ್ಲಿನ ಶತ್ರು ಬಿಸಿ ಮತ್ತು ದೂಳು. ದೂಳಿಗೆ ಯಾವ ಸಿಂಥೆಟಿಕ್ಕೂ ಮದ್ದಲ್ಲ, ಏರ್ ಫಿಲ್ಟರ್ ನೋಡಿಕೊಳ್ಳಿ.

ಹಿರಿಯೂರಿನಿಂದ ಬಂದ ಹಿರಿಯರೊಬ್ಬರು ತೋಟದ ಹಳೇ ಡೀಸೆಲ್ ಪಂಪ್‌ಸೆಟ್ಟಿಗೆ ಸಿಂಥೆಟಿಕ್ ಹಾಕಲಾ ಅಂತ ಕೇಳಿದರು. ಬೇಡ ಯಜಮಾನರೇ. ಅದರ ಪುಸ್ತಕದಲ್ಲಿ 40 ಅಂತ ಇದ್ದರೆ 40 ಹಾಕಿ, ಹೊತ್ತಿಗೆ ಸರಿಯಾಗಿ ಬದಲಿಸಿ. ಉಳಿದ ದುಡ್ಡಿಗೆ ಡ್ರಿಪ್ ಪೈಪ್ ತನ್ನಿ. ತೆಗೆದ ಹಳೇ ಎಣ್ಣೆಯನ್ನು ಬಾವಿ ಪಕ್ಕ ಮಾತ್ರ ಸುರಿಯಬೇಡಿ.

ನಕಲಿ ಎಣ್ಣೆ ವಿಷಯ ಯಾರೋ ಎತ್ತಿದರು. ಅದು ಬೇರೆಯೇ ರೋಗ, ಸಿಂಥೆಟಿಕ್-ಮಿನರಲ್ ಜಗಳಕ್ಕೂ ಅದಕ್ಕೂ ಸಂಬಂಧ ಇಲ್ಲ. ನನಗೇ ಒಮ್ಮೆ ಅಂಥ ಒಂದು ಬಾಕ್ಸ್ ಬಂದಿತ್ತು. ಎಣ್ಣೆ ನೋಡಿ ಏನೂ ಗೊತ್ತಾಗಲಿಲ್ಲ. ಮುಚ್ಚಳದ ಕೆಳಗಿನ ಉಂಗುರ ಎರಡು ಡಬ್ಬಗಳಲ್ಲಿ ಅಂಟಿಸಿದ ಹಾಗಿತ್ತು, ಅದರಿಂದ ಸಿಕ್ಕಿಬಿತ್ತು. ಅವತ್ತಿನಿಂದ ಖಾಲಿ ಡಬ್ಬಕ್ಕೆ ಮೊಳೆ ಹೊಡೆದು ತೂತು ಮಾಡಿಯೇ ಗುಜರಿಗೆ ಹಾಕುವುದು. ನೀವೂ ಹಾಗೇ ಮಾಡಿ.

ಮಾತು ಮುಗಿಸಿ ಸಾಮಾನು ಕಟ್ಟುವಾಗ ಆ ಮುಂದಿನ ಸಾಲಿನ ಹುಡುಗ ಮೇಜಿನ ಹತ್ತಿರ ಬಂದ. ಫ್ರೀಜರ್ ಬಾಟಲಿಗಳಲ್ಲಿ ಮೂರು ಯಾವುದು, ನಾಲ್ಕು ಯಾವುದು, ಇನ್ನೊಮ್ಮೆ ಮೂಸುತ್ತೇನೆ ಅಂದ. ನೋಡಿದರೆ ಗೋಂದು ಹಾಕಿ ಅಂಟಿಸಿದ್ದ ಚೀಟಿಗಳು ಐಸ್ ಕರಗಿ ಪೆಟ್ಟಿಗೆಯ ತಳದ ನೀರಲ್ಲಿ ತೇಲುತ್ತಿವೆ. ಅವನು ಮೂಸಿದ, ಬೆರಳಿಗೆ ಹಚ್ಚಿ ಎಳೆದ. ನಾನೂ ಎಳೆದೆ. ಇಬ್ಬರಿಗೂ ಗೊತ್ತಾಗಲಿಲ್ಲ. ಎರಡೂ ನನ್ನ ಕಾರಿನ ಪುಸ್ತಕ ಕೇಳುವ ಸ್ಪೆಸಿಫಿಕೇಶನ್ ಇದ್ದ ಎಣ್ಣೆಗಳೇ. ಡಿಪ್‌ಸ್ಟಿಕ್ ಸ್ವಲ್ಪ ಕೆಳಗಿತ್ತು. ಬಾಟಲಿಗಳು ಬೆಚ್ಚಗಾದ ಮೇಲೆ, ಬಾಲ್ ಎರಡನ್ನೂ ಮೊದಲು ಹೊರಗೆ ತೆಗೆದು ಎಣಿಸಿಕೊಂಡು, ಎರಡನ್ನೂ ಒಟ್ಟಿಗೆ ನನ್ನ ಕಾರಿಗೇ ಸುರಿದು ದಾವಣಗೆರೆಗೆ ಹೊರಟೆ.